ಟಿಕಿಂಟರ್ ವಿಂಡೋದಲ್ಲಿ ಲೇಬಲ್, ಬಾಕ್ಸ್, ಬಟನ್‌ಗಳನ್ನು ಸಾಲಾಗಿ ಕೂರಿಸುವುದು ಹೇಗೆ?

ಪೈಥಾನ್‌ನಲ್ಲಿ ವಿಂಡೋ, ಬಟನ್‌ಗಳನ್ನು ಮಾಡಲು ಬಳಸುವ ಟಿಕಿಂಟರ್ ಲೈಬ್ರರಿಯಲ್ಲಿ ಒಂದು ಫಾರ್ಮ್ ಮಾಡಿದ್ದೀರಿ. ಹೆಸರು, ವಿಳಾಸ, ಟಿಪ್ಪಣಿ, ಕೆಳಗೆ ಸೇವ್ ಮತ್ತು ಕ್ಯಾನ್ಸಲ್ ಬಟನ್. ಎಲ್ಲವನ್ನೂ ಪ್ಲೇಸ್ ಎಂಬ ವಿಧಾನ ಬಳಸಿ ಎಕ್ಸ್, ವೈ ಅಂಕಿ ಕೊಟ್ಟು ಕೂರಿಸಿದ್ದೀರಿ. ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿದೆ, ಬೇರೆಯವರದರಲ್ಲಿ ಲೇಬಲ್ಲಿನ ಕೊನೆಯ ಅಕ್ಷರಗಳು ಬಾಕ್ಸಿನ ಹಿಂದೆ ಮರೆಯಾಗುತ್ತವೆ. ವಿಂಡೋ ದೊಡ್ಡದು ಮಾಡಿದರೆ ಎಲ್ಲವೂ ಎಡಮೂಲೆಯಲ್ಲೇ ಗುಂಪುಗೂಡಿರುತ್ತದೆ. ಅಂಕಿಗಳನ್ನು ಎಷ್ಟಕ್ಕೆ ಬದಲಿಸಬೇಕು ಎಂದು ಕೇಳಿದ್ದೀರಿ.

ಬದಲಿಸಬೇಡಿ, ಅಳಿಸಿಹಾಕಿ. ಎಲ್ಲ ಕಂಪ್ಯೂಟರಿಗೂ ಹೊಂದುವ ಅಂಕಿ ಅಂತ ಒಂದಿಲ್ಲ. ಪ್ಲೇಸ್‌ಗೆ ನೀವು ಕೊಡುವ ಎಕ್ಸ್, ವೈ ಪಿಕ್ಸೆಲ್ ಲೆಕ್ಕ. ಅಕ್ಷರದ ಗಾತ್ರ ಸಾಮಾನ್ಯವಾಗಿ ಪಾಯಿಂಟ್ ಲೆಕ್ಕ. ಪರದೆಯ ಡಿಪಿಐ (ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ) ಹೆಚ್ಚಾದರೆ ಅಕ್ಷರ ಹಿಗ್ಗುತ್ತದೆ, ನಿಮ್ಮ ಅಂಕಿ ಹಿಗ್ಗುವುದಿಲ್ಲ. ಸಾಲದ್ದಕ್ಕೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಡೀಫಾಲ್ಟ್ ಫಾಂಟ್ ಬೇರೆ ಬೇರೆ. ಪ್ಲೇಸ್‌ನಿಂದ ಉಪಯೋಗವೇ ಇಲ್ಲ ಅಂತಲ್ಲ, ಚಿತ್ರದ ಮೇಲೆ ಸಣ್ಣ ಬಟನ್ ತೇಲಿಸಬೇಕಾದಾಗ ನಾನೂ ಬಳಸುತ್ತೇನೆ. ಫಾರ್ಮಿಗೆ ಮಾತ್ರ ಅದು ಬೇಡ.

ಫಾರ್ಮಿಗೆ ಬೇಕಾದ್ದು ಗ್ರಿಡ್, ಅಂದರೆ ಜಾಗವನ್ನು ಸಾಲು, ಕಾಲಮ್‌ಗಳ ಚೌಕಗಳಾಗಿ ಹಂಚಿ ಕೂರಿಸುವ ವಿಧಾನ. ಲೇಬಲ್‌ಗಳೆಲ್ಲ ಕಾಲಮ್ 0, ಬಾಕ್ಸ್‌ಗಳೆಲ್ಲ ಕಾಲಮ್ 1. ಕಾಲಮ್ಮಿನಲ್ಲಿ ಅತಿ ಉದ್ದದ ಲೇಬಲ್ ಯಾವುದೋ ಅದೇ ಕಾಲಮ್ಮಿನ ಅಗಲವನ್ನು ತೀರ್ಮಾನಿಸುತ್ತದೆ. ನಾಳೆ ಲೇಬಲ್‌ಗಳನ್ನು ಕನ್ನಡದಿಂದ ಇನ್ನೊಂದು ಭಾಷೆಗೆ ಬದಲಿಸಿದರೂ ನೀವು ಏನನ್ನೂ ಮುಟ್ಟಬೇಕಾಗಿಲ್ಲ. ಗ್ರಿಡ್ ತಾನಾಗಿ ಪ್ರತಿಯೊಂದನ್ನೂ ಅದರ ಚೌಕದ ಮಧ್ಯದಲ್ಲಿ ಇಡುತ್ತದೆ. ಹಾಗಾಗಿ ಮೊದಲ ಸಲ ನೋಡಿದಾಗ ಲೇಬಲ್‌ಗಳು ಅಂಕುಡೊಂಕಾಗಿ ಕಾಣುತ್ತವೆ. ಅದನ್ನು ಸರಿಪಡಿಸಲು ಗ್ರಿಡ್‌ಗೆ ಸ್ಟಿಕಿ ಎಂಬ ಆಯ್ಕೆ ಕೊಡಿ. ಇದರ ಮೌಲ್ಯಗಳು ದಿಕ್ಕಿನ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳು: ಪಶ್ಚಿಮದ ಅಕ್ಷರ ಕೊಟ್ಟರೆ ಎಡಕ್ಕೆ ಅಂಟುತ್ತದೆ, ಪೂರ್ವದ್ದು ಕೊಟ್ಟರೆ ಬಲಕ್ಕೆ, ಎರಡನ್ನೂ ಕೊಟ್ಟರೆ ಚೌಕದ ಅಗಲಕ್ಕೂ ಹಿಗ್ಗುತ್ತದೆ. ಲೇಬಲ್‌ಗಳಿಗೆ ಪಶ್ಚಿಮ, ಬಾಕ್ಸ್‌ಗಳಿಗೆ ಎರಡೂ. ಲೇಬಲ್ಲನ್ನು ಬಲಕ್ಕೆ ಅಂಟಿಸಿ ಬಾಕ್ಸಿನ ಪಕ್ಕಕ್ಕೆ ತರುವವರೂ ಇದ್ದಾರೆ, ಎರಡೂ ಸರಿಯೇ. ಒಂದೇ ವಿಂಡೋದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೆ.

ಇನ್ನು ವಿಂಡೋ ಹಿಗ್ಗಿದರೂ ಬಾಕ್ಸ್ ಹಿಗ್ಗದ ವಿಚಾರ. ಪ್ರತಿ ಕಾಲಮ್ಮಿಗೂ ವೆಯ್ಟ್ ಅಂತ ಒಂದು ಗುಣ ಇದೆ, ಡೀಫಾಲ್ಟ್ 0. ಸೊನ್ನೆ ಅಂದರೆ ಹೆಚ್ಚುವರಿ ಜಾಗ ಬಂದಾಗ ಇದಕ್ಕೆ ಪಾಲಿಲ್ಲ. ಕಾಲಮ್‌ಕಾನ್ಫಿಗರ್‌ನಲ್ಲಿ ಕಾಲಮ್ 1ಕ್ಕೆ ವೆಯ್ಟ್ 1 ಕೊಡಿ, ಲೇಬಲ್ ಕಾಲಮ್ಮಿನ ವೆಯ್ಟ್ 0 ಆಗಿಯೇ ಇರಲಿ. ಟಿಪ್ಪಣಿಯ ದೊಡ್ಡ ಟೆಕ್ಸ್ಟ್ ಬಾಕ್ಸ್ ಇರುವ ಸಾಲಿಗೆ ಇದೇ ರೀತಿ ರೋಕಾನ್ಫಿಗರ್‌ನಲ್ಲಿ 1 ಕೊಡಿ, ಆ ಬಾಕ್ಸಿನ ಸ್ಟಿಕಿಗೆ ನಾಲ್ಕೂ ದಿಕ್ಕು.

ಇಷ್ಟು ಮಾಡಿದ ಮೇಲೂ ಹಲವರು ‘ವೆಯ್ಟ್ ಕೊಟ್ಟೆ, ಏನೂ ಆಗಲಿಲ್ಲ’ ಎಂದು ಬರೆಯುತ್ತಾರೆ. ನೋಡಿದರೆ ಬಾಕ್ಸ್‌ಗಳು ಒಂದು ಫ್ರೇಮಿನ (ಬೇರೆಯವನ್ನು ಒಳಗಿಟ್ಟುಕೊಳ್ಳುವ ಚೌಕಟ್ಟು) ಒಳಗಿರುತ್ತವೆ, ಆ ಫ್ರೇಮ್ ಮುಖ್ಯ ವಿಂಡೋದ ಒಳಗಿರುತ್ತದೆ. ಫ್ರೇಮಿನ ಕಾಲಮ್ಮಿಗೆ ವೆಯ್ಟ್ ಕೊಟ್ಟಿದ್ದಾರೆ, ಆದರೆ ಫ್ರೇಮೇ ವಿಂಡೋದ ಜೊತೆ ಹಿಗ್ಗುತ್ತಿಲ್ಲ. ಹೊರಗಿನಿಂದ ಒಳಗಿನವರೆಗೆ ಪ್ರತಿ ಮಟ್ಟದಲ್ಲೂ ಎರಡು ಕೆಲಸ ಆಗಿರಬೇಕು: ತಂದೆಯ (ಹೊರಗಿನದರ) ಕಾಲಮ್ಮಿಗೆ ವೆಯ್ಟ್, ಮಗುವಿಗೆ (ಒಳಗಿನದಕ್ಕೆ) ಸ್ಟಿಕಿ. ಒಂದು ಕಡೆ ತಪ್ಪಿದರೂ ಹಿಗ್ಗುವಿಕೆ ಅಲ್ಲಿಗೇ ನಿಲ್ಲುತ್ತದೆ. ಹುಡುಕಲು ಸುಲಭದ ದಾರಿ: ತಾತ್ಕಾಲಿಕವಾಗಿ ಪ್ರತಿ ಫ್ರೇಮಿಗೂ ಒಂದೊಂದು ಗಾಢ ಹಿನ್ನೆಲೆ ಬಣ್ಣ ಕೊಟ್ಟು ವಿಂಡೋವನ್ನು ಎಳೆದು ನೋಡಿ. ಯಾವ ಬಣ್ಣ ಕದಲದೆ ನಿಂತಿದೆಯೋ ಅಲ್ಲೇ ಸಮಸ್ಯೆ. ಟಿಟಿಕೆ (ಟಿಕಿಂಟರ್‌ನ ಥೀಮ್ ಇರುವ ಭಾಗ) ಕೊಡುವ ಫ್ರೇಮ್ ಹೀಗೆ ನೇರವಾಗಿ ಬಣ್ಣ ಕೊಟ್ಟರೆ ಒಪ್ಪದೆ ಎರರ್ ಕೊಡುತ್ತದೆ, ಪರೀಕ್ಷೆಯ ಹೊತ್ತಿಗೆ ಟಿಕೆಯ ಸಾದಾ ಫ್ರೇಮ್ ಬಳಸಿ.

ಫಾರ್ಮ್ ಬೆಳೆದಂತೆ ಇನ್ನೊಂದು ತೊಂದರೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ‘ವೈಯಕ್ತಿಕ ವಿವರ’, ‘ಸಂಪರ್ಕ’ ಅಂತ ಎರಡು ಲೇಬಲ್‌ಫ್ರೇಮ್ (ಶೀರ್ಷಿಕೆ ಇರುವ ಪೆಟ್ಟಿಗೆ) ಮಾಡಿ ಒಂದರ ಕೆಳಗೊಂದು ಇಟ್ಟಿರೆಂದುಕೊಳ್ಳಿ. ಪ್ರತಿ ಫ್ರೇಮಿನ ಗ್ರಿಡ್ ಅದರದ್ದೇ, ಪಕ್ಕದ ಫ್ರೇಮಿನ ಕಾಲಮ್ ಎಷ್ಟು ಅಗಲ ಎಂಬುದು ಇದಕ್ಕೆ ಗೊತ್ತಿಲ್ಲ. ಮೇಲಿನದರಲ್ಲಿ ಉದ್ದದ ಲೇಬಲ್ ‘ಹೆಸರು’, ಕೆಳಗಿನದರಲ್ಲಿ ‘ಪರ್ಯಾಯ ದೂರವಾಣಿ ಸಂಖ್ಯೆ’. ಬಾಕ್ಸ್‌ಗಳ ಎಡ ಅಂಚು ಎರಡು ಕಡೆ ಎರಡು ಜಾಗದಲ್ಲಿ ಶುರುವಾಗುತ್ತದೆ, ನೋಡಿದವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕೂರಬೇಕಾದರೆ ಒಂದೇ ಹಜಾರದಲ್ಲಿ ಇರಬೇಕಲ್ಲ, ಹಾಗೆ, ಸಾಲಾಗಿ ಕಾಣಬೇಕಾದವೆಲ್ಲ ಒಂದೇ ಫ್ರೇಮಿನಲ್ಲಿರಲಿ. ಪೆಟ್ಟಿಗೆಯ ಬದಲು ವಿಭಾಗದ ಶೀರ್ಷಿಕೆಯನ್ನು ಕಾಲಮ್‌ಸ್ಪ್ಯಾನ್ 2 ಕೊಟ್ಟು ಎರಡೂ ಕಾಲಮ್ ಆವರಿಸುವ ಒಂದು ಲೇಬಲ್ ಆಗಿ ಹಾಕಿ, ಚೆನ್ನಾಗಿಯೇ ಕಾಣುತ್ತದೆ. ಪೆಟ್ಟಿಗೆಗಳು ಬೇಕೇಬೇಕು ಅಂದರೆ ಎರಡೂ ಕಡೆ ಎಲ್ಲ ಲೇಬಲ್‌ಗಳ ವಿನ್‌ಫೋ_ರೆಕ್‌ವಿಡ್ತ್ (ಲೇಬಲ್‌ಗೆ ಬೇಕಾದ ಅಗಲ) ಕೇಳಿ, ಅದರಲ್ಲಿ ದೊಡ್ಡದನ್ನು ಎರಡೂ ಫ್ರೇಮಿನ ಕಾಲಮ್ 0ರ ಮಿನ್‌ಸೈಜ್‌ಗೆ (ಕನಿಷ್ಠ ಅಗಲಕ್ಕೆ) ಕೊಡಿ. ಅಗಲವನ್ನು ಕೈಯಾರೆ ಬರೆಯಬೇಡಿ, ಬರೆದರೆ ಪ್ಲೇಸ್‌ನ ಕಾಟ ಮತ್ತೆ ಶುರು.

ಬಟನ್‌ಗಳಿಗೆ ಮಾತ್ರ ಬೇರೆ ಫ್ರೇಮ್ ಇರಲಿ, ಅವು ಬಾಕ್ಸ್‌ಗಳ ಅಂಚಿಗೆ ಹೊಂದಬೇಕಾಗಿಲ್ಲ. ಆ ಫ್ರೇಮಿನ ಕಾಲಮ್ 0 ಖಾಲಿ ಬಿಟ್ಟು ಅದಕ್ಕೆ ವೆಯ್ಟ್ 1 ಕೊಟ್ಟರೆ 1 ಮತ್ತು 2ರಲ್ಲಿರುವ ಬಟನ್‌ಗಳು ಬಲತುದಿಗೆ ಹೋಗಿ ನಿಲ್ಲುತ್ತವೆ. ಎರಡೂ ಒಂದೇ ಅಗಲ ಕಾಣಲು ಆ ಎರಡು ಕಾಲಮ್ಮಿಗೆ ಒಂದೇ ಯೂನಿಫಾರ್ಮ್ ಹೆಸರು ಕೊಡಿ, ಬಟನ್‌ಗಳಿಗೆ ಅಗಲಕ್ಕೆ ಹಿಗ್ಗುವ ಸ್ಟಿಕಿ ಹಾಕಿ. ಸೇವ್ ಎಡಕ್ಕೋ ಬಲಕ್ಕೋ ಎಂಬ ಚರ್ಚೆ ಹಳೆಯದು: ವಿಂಡೋಸ್‌ನಲ್ಲಿ ಕ್ಯಾನ್ಸಲ್ ಬಲತುದಿಯಲ್ಲಿ, ಮ್ಯಾಕ್ ಮತ್ತು ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಮುಖ್ಯ ಬಟನ್ ಬಲತುದಿಯಲ್ಲಿ. ಕ್ಯೂಟಿ ಎಂಬ ಇನ್ನೊಂದು ಲೈಬ್ರರಿಯಲ್ಲಿ ಇದನ್ನು ನೋಡಿಕೊಳ್ಳಲು ಕ್ಯೂಡೈಲಾಗ್‌ಬಟನ್‌ಬಾಕ್ಸ್ ಇದೆ, ಟಿಕಿಂಟರ್‌ನಲ್ಲಿ ನೀವೇ ನೋಡಿಕೊಳ್ಳಬೇಕು.

ಟಿಪ್ಪಣಿಯ ಲೇಬಲ್ ಒಂದು ಉಳಿಯಿತು. ಪಕ್ಕದ ಟೆಕ್ಸ್ಟ್ ಬಾಕ್ಸ್ ಎತ್ತರ ಇರುವುದರಿಂದ ಲೇಬಲ್ ಅದರ ನಡುಮಧ್ಯಕ್ಕೆ ಇಳಿದಿರುತ್ತದೆ. ಸ್ಟಿಕಿಗೆ ಉತ್ತರದ ಅಕ್ಷರ ಸೇರಿಸಿ, ಮೇಲಿನ ಪ್ಯಾಡ್‌ವೈ (ಬಿಡುವಿನ ಜಾಗ) ಒಂದೆರಡು ಪಿಕ್ಸೆಲ್ ಹೆಚ್ಚಿಸಿ, ಬಾಕ್ಸಿನ ಮೊದಲ ಸಾಲಿನ ಅಕ್ಷರಕ್ಕೆ ಸರಿಯಾಗಿ ಕೂರುತ್ತದೆ. ಟೆಕ್ಸ್ಟ್‌ಗೆ ಅಗಲ, ಎತ್ತರ ಕೊಡದಿದ್ದರೆ 80 ಅಕ್ಷರ, 24 ಸಾಲು ತೆಗೆದುಕೊಂಡು ವಿಂಡೋ ಉಬ್ಬಿಸಿಬಿಡುತ್ತದೆ, ಚಿಕ್ಕ ಅಂಕಿ ಕೊಟ್ಟು ಉಳಿದದ್ದನ್ನು ವೆಯ್ಟ್‌ಗೆ ಬಿಡಿ.

ಒಂದೇ ಫ್ರೇಮಿನ ಮಕ್ಕಳಲ್ಲಿ ಕೆಲವಕ್ಕೆ ಪ್ಯಾಕ್ (ಕೂರಿಸುವ ಇನ್ನೊಂದು ವಿಧಾನ), ಕೆಲವಕ್ಕೆ ಗ್ರಿಡ್ ಬಳಸಬೇಡಿ. ಈಗಿನ ಟಿಕೆ ನೇರವಾಗಿ ಎರರ್ ಕೊಡುತ್ತದೆ, ಹಳೆಯದರಲ್ಲಿ ಎರಡೂ ಜಗ್ಗಾಡಿಕೊಂಡು ಪ್ರೋಗ್ರಾಂ ನಿಂತೇಹೋಗುತ್ತಿತ್ತು. ಬೇರೆ ಬೇರೆ ಫ್ರೇಮ್ ಆದರೆ ತೊಂದರೆಯಿಲ್ಲ.

ಕೋಡ್ ತಿದ್ದುವಾಗ ಎಂಟ್ರಿ (ಒಂದು ಸಾಲಿನ ಬಾಕ್ಸ್) ಸೃಷ್ಟಿಸುವುದು ಒಂದು ಸಾಲು, ಗ್ರಿಡ್ ಕರೆಯುವುದು ಮತ್ತೊಂದು ಸಾಲು ಆಗಿರಲಿ. ಒಂದೇ ಸಾಲಿನಲ್ಲಿ ಚುಕ್ಕಿ ಹಾಕಿ ಸೇರಿಸಿದರೆ ವೇರಿಯಬಲ್‌ನಲ್ಲಿ ಬಾಕ್ಸ್ ಬದಲು ‘ನನ್’ (None, ಅಂದರೆ ಏನೂ ಇಲ್ಲ) ಕೂತಿರುತ್ತದೆ, ಸೇವ್ ಒತ್ತಿದಾಗ ಬಾಕ್ಸಿನಲ್ಲಿ ಬರೆದದ್ದನ್ನು ಓದುವ ಗೆಟ್ ಕೆಲಸ ಮಾಡುವುದಿಲ್ಲ.