ವಿಸ್ಕೀಲಿ ಕಾರ್ಬ್ ಇಲ್ವಂತೆ, ಹೌದಾ ಸಾರ್?

ಪ್ರಶ್ನೆ: ನಮ್ಮ ಭಾವಂಗೆ ಶುಗರ್ ಇದೆ, ಮಾತ್ರೆ ತಗೋತಾರೆ. ಡಾಕ್ಟ್ರು ಅನ್ನ ಕಮ್ಮಿ ಮಾಡಿ ಅಂದಿದ್ದೇ ನೆಪ, ರಾತ್ರಿ ಮುದ್ದೆ ಅನ್ನ ಎರಡೂ ಬಿಟ್ಟು ಬರೀ ವಿಸ್ಕಿ ಹಾಕ್ತಾರೆ. ಕೇಳಿದ್ರೆ "ಇದ್ರಲ್ಲಿ ಕಾರ್ಬ್ ಝೀರೋ ಕಣೋ" ಅಂತಾರೆ. ಸಕ್ಕರೆಯಿಂದ ಆಗೋ ಆಲ್ಕೋಹಾಲು ಕಾರ್ಬೊಹೈಡ್ರೇಟ್ ಅಲ್ದೆ ಇನ್ನೇನು?
- ಓದುಗರು, ಮಂಡ್ಯ

ಉತ್ತರ: ನಿಮ್ಮ ಭಾವ ಹೇಳಿರೋದು ಸುಳ್ಳಲ್ಲ, ಆದ್ರೆ ಅದನ್ನ ನಂಬ್ಕೊಂಡು ಮಾಡ್ತಿರೋದು ಮಾತ್ರ ಡೇಂಜರ್.

ಮೊದಲು ಕೆಮಿಸ್ಟ್ರಿ ನೋಡೋಣ. ಗ್ಲೂಕೋಸಲ್ಲಿ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್ ಇರುತ್ತೆ, ಓಎಚ್ ಗುಂಪುಗಳು (ಆಕ್ಸಿಜನ್-ಹೈಡ್ರೋಜನ್ ಜೋಡಿ) ಐದು, ಜೊತೆಗೊಂದು ಆಲ್ಡಿಹೈಡ್ ಗುಂಪು. ಹಿಂಗೆ ಒಂದಕ್ಕಿಂತ ಜಾಸ್ತಿ ಓಎಚ್ಚು, ಜೊತೆಗೆ ಆಲ್ಡಿಹೈಡೋ ಕೀಟೋನೋ ಅನ್ನೋ ಗುಂಪು ಇದ್ರೇನೇ ಗ್ಲೂಕೋಸಿನಂಥ ಸರಳ ಸಕ್ಕರೆ ಜಾತಿಗೆ ಸೇರೋದು. ನಾವು ಕುಡಿಯೋ ಎಥನಾಲಲ್ಲಿ ಬರೀ 2 ಕಾರ್ಬನ್, 6 ಹೈಡ್ರೋಜನ್, ಒಂದೇ ಆಕ್ಸಿಜನ್, ಓಎಚ್ಚೂ ಒಂದೇ. ಸಕ್ಕರೆಯಿಂದ ಹುಟ್ಟಿದ್ದು ನಿಜ, ಆದ್ರೆ ಈಸ್ಟ್ ಅದನ್ನ ಮುರಿದು ಬೇರೆ ಪದಾರ್ಥಾನೇ ಮಾಡಿಬಿಟ್ಟಿರುತ್ತೆ.

ಮಜಾ ಇರೋದು ಈ ಮುರಿಯೋದ್ರಲ್ಲೇ. 100 ಗ್ರಾಂ ಗ್ಲೂಕೋಸ್ ಪೂರ್ತಿ ಹುಳಿ ಬಂದ್ರೆ ಲೆಕ್ಕದ ಪ್ರಕಾರ ಸುಮಾರು 51 ಗ್ರಾಂ ಆಲ್ಕೋಹಾಲು, 49 ಗ್ರಾಂ ಕಾರ್ಬನ್ ಡೈಆಕ್ಸೈಡು. ಆ ಗ್ಯಾಸಲ್ಲಿ ಕ್ಯಾಲೊರಿ ಅನ್ನೋದೇ ಇಲ್ಲ, ಗುಳ್ಳೆ ಗುಳ್ಳೆಯಾಗಿ ಎದ್ದು ಹೋಗುತ್ತೆ, ಸಕ್ಕರೇಲಿದ್ದ ಶಕ್ತಿ ಹೆಚ್ಚೂಕಮ್ಮಿ ಎಲ್ಲಾ ಉಳಿದ ಅರ್ಧ ತೂಕದಲ್ಲೇ ಕೂತ್ಕೊಳ್ಳುತ್ತೆ. ಅದಕ್ಕೇ ಕಾರ್ಬ್ ಗ್ರಾಂಗೆ 4 ಕ್ಯಾಲೊರಿ ಆದ್ರೆ ಆಲ್ಕೋಹಾಲು 7. ಕೊಬ್ಬು 9, ಪ್ರೋಟೀನ್ 4, ಇವೆಲ್ಲದರ ಪಕ್ಕದಲ್ಲಿ ಪೋಷಣೆ ಲೆಕ್ಕದವರು ಆಲ್ಕೋಹಾಲಿಗೆ ಅಂತಾನೇ ಬೇರೆ ಕಾಲಂ ಇಟ್ಟಿದ್ದಾರೆ. ಅಮೆರಿಕದ ಆಟ್ವಾಟರ್ ಅನ್ನೋ ವಿಜ್ಞಾನಿ 19ನೇ ಶತಮಾನದ ಕೊನೇಲಿ ಮನುಷ್ಯರನ್ನ ಒಂದು ಕೋಣೆಯಂಥ ಕ್ಯಾಲೊರಿಮೀಟರ್ ಒಳಗೆ ಕೂರಿಸಿ ಅಳೆದು, ಆಲ್ಕೋಹಾಲಿಂದಾನೂ ದೇಹಕ್ಕೆ ಶಕ್ತಿ ಸಿಗುತ್ತೆ ಅಂತ ತೋರಿಸಿದಾಗ ಅಲ್ಲಿನ ಪಾನನಿರೋಧದವರು ಅವ್ರ ಮೇಲೆ ಉರಿದುಬಿದ್ರು. ಪಾಪ, ಅವ್ರು ಕುಡೀರಿ ಅಂತೇನೂ ಹೇಳಿರ್ಲಿಲ್ಲ.

ವಿಸ್ಕಿ, ರಮ್ಮು, ವೋಡ್ಕಾ ಎಲ್ಲಾ ಭಟ್ಟಿ ಇಳಿಸಿದ ಮಾಲು. ಆವಿ ಜೊತೆ ಸಕ್ಕರೆ ಮೇಲೆ ಬರಲ್ಲ, ಹಾಗಾಗಿ ಕಾರ್ಬ್ ಇಲ್ಲವೇ ಇಲ್ಲ ಅನ್ನಬಹುದು. ಆದ್ರೆ ನಮ್ಮಲ್ಲಿ ಸಿಗೋ 42.8 ಪರ್ಸೆಂಟಿನ ವಿಸ್ಕಿ 60 ಎಂಎಲ್ ಅಂದ್ರೆ 20 ಗ್ರಾಂ ಆಲ್ಕೋಹಾಲು, 140 ಕ್ಯಾಲೊರಿ. ಒಂದು ಕ್ವಾರ್ಟರ್ (180 ಎಂಎಲ್) ಮುಗಿಸಿದ್ರೆ 420. ನೆಂಚ್ಕೊಳ್ಳೋ ಗೋಬಿ ಮಂಚೂರಿ, ಕಡ್ಲೆಬೀಜ ಲೆಕ್ಕ ಬೇರೆ. ವಿಟಮಿನ್ನು ನಾರು ಅಂತ ಏನಾದ್ರೂ ಹುಡುಕಿದ್ರೆ ಸಿಗಲ್ಲ.

ಇನ್ನು ಶುಗರ್ ವಿಷ್ಯ, ಇದನ್ನ ದಯವಿಟ್ಟು ಭಾವಂಗೆ ಓದಿಸಿ. ಆಲ್ಕೋಹಾಲು ದೇಹದಲ್ಲಿ ಗ್ಲೂಕೋಸ್ ಆಗಲ್ಲ, ಅದನ್ನ ಕೂಡಿಡೋಕೂ ಜಾಗ ಇಲ್ಲ, ಲಿವರ್ರು ಮೊದಲು ಅದನ್ನ ಅಸಿಟಾಲ್ಡಿಹೈಡ್ ಮಾಡಿ, ಆಮೇಲೆ ಅಸಿಟೇಟ್ ಮಾಡಿ ಸಾಗಹಾಕಬೇಕು. ಅಲ್ಲೀವರ್ಗೂ ಕೊಬ್ಬು ಕರಗಿಸೋ ಕೆಲಸ ಹಿಂದೆ ಬೀಳುತ್ತೆ, ಹೊಸದಾಗಿ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡೋ ಕೆಲಸಾನೂ ಕುಂಠಿತ ಆಗುತ್ತೆ. ಊಟ ಮಾಡಿಲ್ಲ, ಮೇಲಿಂದ ಇನ್ಸುಲಿನ್ನೋ ಗ್ಲಿಮೆಪಿರೈಡ್ ಥರದ ಮಾತ್ರೆಯೋ ತಗೊಂಡಿದ್ದಾರೆ ಅಂದ್ರೆ ಮಧ್ಯರಾತ್ರಿನೋ ಬೆಳಗಿನ ಜಾವನೋ ಶುಗರ್ ಪಾತಾಳಕ್ಕೆ ಇಳೀಬಹುದು. ಬೆವರೋದು, ನಾಲಿಗೆ ತೊದಲೋದು, ತೂರಾಡೋದು, ಎಲ್ಲಾ ಥೇಟ್ ಕುಡಿದವ್ರ ಹಾಗೇ ಕಾಣುತ್ತೆ, ಮನೆಯವ್ರು ಜಾಸ್ತಿ ಆಗಿದೆ ಬಿಡು ಅಂತ ಹೊದಿಸಿ ಮಲಗಿಸ್ತಾರೆ. ಹಂಗೆ ಮಾಡ್ಬೇಡಿ, ಗ್ಲೂಕೋಮೀಟರಲ್ಲಿ ಚೆಕ್ ಮಾಡಿ, ಇಳಿದಿದ್ದು ಎಚ್ಚರ ಇದ್ರೆ ಸಕ್ಕರೆ ನೀರು ಕೊಡಿ, ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಮುದ್ದೆ ಬಿಡೋದಾ ಎಣ್ಣೆ ಬಿಡೋದಾ ಅಂತ ನನ್ನ ಕೇಳಿದ್ರೆ ಎರಡನೇದೇ. ಏನೇ ಇದ್ರೂ ಅವ್ರ ಡಾಕ್ಟ್ರಿಗೆ ಇದನ್ನ ಮುಚ್ಚಿಡಬಾರದು.

ಪ್ರಶ್ನೆ: ಹಂಗಾದ್ರೆ ಬಿಯರ್ರು, ಮನೇಲಿ ಮಾಡೋ ವೈನು?
- ಓದುಗರು, ಮಡಿಕೇರಿ

ಉತ್ತರ: ಇವು ಭಟ್ಟಿ ಇಳಿಸಿದ್ದಲ್ಲ, ಹಾಗಾಗಿ ಎರಡೂ ಇರುತ್ತೆ. 650 ಎಂಎಲ್‌ನ 5 ಪರ್ಸೆಂಟ್ ಬಿಯರಲ್ಲಿ 25 ಗ್ರಾಂ ಆಲ್ಕೋಹಾಲು, ಅದ್ರ ಜೊತೆ ಸಾಮಾನ್ಯವಾಗಿ 20 ಗ್ರಾಂ ಆಸುಪಾಸು ಕಾರ್ಬು. ನಿಮ್ಮ ಕೊಡಗಿನ ಮನೆ ವೈನು ಸಿಹಿ ಇದ್ಯಾ? ಹಂಗಾದ್ರೆ ಹಾಕಿದ ಸಕ್ಕರೇಲಿ ಈಸ್ಟ್ ತಿನ್ನದೆ ಬಿಟ್ಟಿದ್ದು ಇನ್ನೂ ಅದ್ರಲ್ಲೇ ಇದೆ ಅಂತ ಅರ್ಥ.

ಪ್ರಶ್ನೆ: ಶುಗರ್ ಫ್ರೀ ಚ್ಯೂಯಿಂಗ್ ಗಮ್ಮಲ್ಲಿ "ಶುಗರ್ ಆಲ್ಕೋಹಾಲ್" ಇರುತ್ತಂತೆ. ಮಕ್ಕಳಿಗೆ ಕಿಕ್ ಹೊಡೆಯಲ್ವಾ?
- ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲಾರೀ, ಅದು ಎಥನಾಲ್ ಅಲ್ಲ. ಸಾರ್ಬಿಟಾಲ್, ಜೈಲಿಟಾಲ್ ಇವು ಕೆಮಿಸ್ಟ್ರೀಲಿ ಆಲ್ಕೋಹಾಲೇ, ಆದ್ರೆ ಪ್ಯಾಕೆಟ್ ಲೇಬಲ್ಲಲ್ಲಿ ಕಾರ್ಬೊಹೈಡ್ರೇಟ್ ಜೊತೆ ಸೇರಿಸ್ತಾರೆ, ಗ್ರಾಂಗೆ ಸರಾಸರಿ 2.4 ಕ್ಯಾಲೊರಿ ಅಷ್ಟೇ. ಜಾಸ್ತಿ ತಿಂದ್ರೆ ತಲೆ ತಿರುಗಲ್ಲ, ಹೊಟ್ಟೆ ಕೆಡುತ್ತೆ. ನಾಯಿ ಸಾಕಿದ್ರೆ ಮಾತ್ರ ಜೈಲಿಟಾಲ್ ಇರೋ ಗಮ್ಮು ಅದ್ರ ಬಾಯಿಗೆ ಸಿಗದ ಹಾಗೆ ಇಡಿ, ನಾಯಿಗಳಿಗೆ ಅದು ವಿಷ.