ಗೋಡೆ ಬಿರುಕು ಬಿಟ್ಟರೆ ವಿಮೆ ಬರುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವೇ. ಒಂದೇ ತರದ ಪ್ರಶ್ನೆ ಹತ್ತು ಜನ ಕೇಳಿದ್ದಾರೆ, ಹಾಗಾಗಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದ ಆಯ್ತು, ಬೈಕೋಬೇಡಿ.

ಪ್ರಶ್ನೆ: ಮೇಡಂ, ಸಿಂಧನೂರಿನಲ್ಲಿ ಮನೆ ಕಟ್ಟಿ ನಾಲ್ಕು ವರ್ಷ ಆಯ್ತು. ಸಾಲ ಕೊಡುವಾಗ ಬ್ಯಾಂಕಿನವರು ಇನ್ಶೂರೆನ್ಸ್ ಅಂತ 46 ಸಾವಿರವನ್ನು ಸಾಲದಲ್ಲೇ ಸೇರಿಸಿದರು. ಈಗ ಅಡುಗೆಮನೆ ಕಿಟಕಿ ಮೂಲೆಯಿಂದ ಗೋಡೆ ಓರೆಯಾಗಿ ಬಿರುಕು ಬಿಟ್ಟಿದೆ, ಬೆರಳು ತೂರುತ್ತದೆ. ಕೇಳಲು ಹೋದರೆ ಇದು ಅದಕ್ಕೆ ಬರಲ್ಲ ಅಂದರು. ದುಡ್ಡು ಕಟ್ಟಿಸಿಕೊಂಡು ಹೀಗನ್ನಬಹುದಾ?

ಉತ್ತರ: ಮೊದಲು ಆ ಪಾಲಿಸಿ ಕಾಗದ ಹುಡುಕಿ, ಮೊದಲ ಪುಟ ಓದಿ. ಅಲ್ಲಿ ನಿಮ್ಮ ಹೆಸರು, ಹುಟ್ಟಿದ ತಾರೀಖು, ನಾಮಿನಿ ಇದ್ದು ಮನೆಯ ಅಳತೆ, ಸೈಟ್ ನಂಬರ್ ಏನೂ ಇಲ್ಲದಿದ್ದರೆ ಅದು ಮನೆಯ ವಿಮೆ ಅಲ್ಲ, ನಿಮ್ಮ ಜೀವದ ವಿಮೆ. ನಿಮಗೆ ಏನಾದರೂ ಆದರೆ ಬಾಕಿ ಸಾಲ ತೀರಿಸಲು ಮಾಡಿಸಿದ್ದು. 46 ಸಾವಿರ ಅಂದಕೂಡಲೇ ನನಗೆ ಅದೇ ಅನುಮಾನ ಬಂತು, ಯಾಕೆಂದರೆ ಮಾಮೂಲಿ ಮನೆಯ ವಿಮೆಗೆ ವರ್ಷಕ್ಕೆ ಅಷ್ಟೆಲ್ಲ ಬೀಳೋದಿಲ್ಲ. ಆ ಪಾಲಿಸಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಹೆಂಡತಿ ಮಕ್ಕಳ ತಲೆ ಮೇಲೆ ಸಾಲ ಬೀಳಬಾರದಲ್ವಾ. ಆದರೆ ಅದನ್ನು ಮನೆಯ ಇನ್ಶೂರೆನ್ಸ್ ಅಂತ ಹೇಳಿ ಸಹಿ ಹಾಕಿಸಿಕೊಳ್ಳೋದು ತಪ್ಪು. ಹೊಸದಾಗಿ ಸಾಲ ಮಾಡುವವರು ಕೇಳಿಸಿಕೊಳ್ಳಿ: ಜೀವ ವಿಮೆಯ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ವಾಪಸ್ ಕೊಡುವ ಅವಕಾಶ ಇದೆ. ನಿಮಗೆ ಆ ಅವಧಿ ದಾಟಿದೆ. ಸಾಲ ಬೇಗ ತೀರಿಸಿದರೆ ಉಳಿದ ವರ್ಷಗಳ ಹಣ ಎಷ್ಟು ವಾಪಸ್ ಬರುತ್ತದೆ ಅಂತ ಬಾಯಿಮಾತಲ್ಲಿ ಬೇಡ, ಬರೆದುಕೊಡಲು ಕೇಳಿ.

ಇನ್ನು ಬಿರುಕು. ನಿಜ ಹೇಳಬೇಕೆಂದರೆ ಸರಿಯಾದ ಮನೆ ವಿಮೆ ಇದ್ದರೂ ಇದಕ್ಕೆ ಹಣ ಬರುವುದು ಕಷ್ಟ. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಅನ್ನುವ ಒಂದೇ ನಮೂನೆಯ ಪಾಲಿಸಿ ಬಂದಿದೆ, ಯಾವ ಕಂಪನಿಗೆ ಹೋದರೂ ಒಳಗಿನ ಶರತ್ತು ಅವೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಗಲಭೆ, ಲಾರಿ ಬಂದು ಗೋಡೆಗೆ ಗುದ್ದಿದ್ದು, ನೀರಿನ ಟ್ಯಾಂಕು ಒಡೆದದ್ದು ಎಲ್ಲ ಅದರಲ್ಲಿವೆ. ಮನೆ ನಿಂತ ನೆಲ ಕುಸಿದರೂ ಇದೆ. ಆದರೆ ಕಟ್ಟಡ ತಾನಾಗಿ ಕೂರುವಾಗ ಬಿಡುವ ಬಿರುಕು, ತುಂಬಿಸಿದ ಮಣ್ಣು ಇಳಿದದ್ದು, ಕಳಪೆ ಕೆಲಸ ಇವನ್ನು ಹೊರಗಿಟ್ಟಿದ್ದಾರೆ. ನಮ್ಮ ಎರೆಮಣ್ಣಿನ ಕಥೆ ನಿಮಗೆ ಗೊತ್ತಲ್ಲ. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಮಾಮೂಲಿ ಪಾಯ ಹಾಕಿದರೆ ಮನೆಯೂ ವರ್ಷಕ್ಕೊಮ್ಮೆ ಎದ್ದು ಕೂರುತ್ತದೆ. ಹಾನಿ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಬಂದು ಓರೆ ಬಿರುಕು ನೋಡಿದರೆ ಮೊದಲು ಇದನ್ನೇ ಬರೆಯೋದು.

ಹಾಗಾಗಿ ಈ ದುಡ್ಡು ನಿಮ್ಮ ಕೈಯಿಂದಲೇ ಹೋಗುವಂಥದ್ದು, ಅದನ್ನು ಸರಿಯಾದ ಕಡೆ ಹಾಕಿ. ಗಾರೆಯವರನ್ನು ಕರೆದು ಸಿಮೆಂಟು ಮೆತ್ತಿಸಬೇಡಿ, ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಮತ್ತೆ ಬಿಡುತ್ತದೆ. ಬಚ್ಚಲು ನೀರು, ಸಿಂಕಿನ ಪೈಪು ಪಾಯದ ಬುಡಕ್ಕೆ ಸೋರುತ್ತಿದೆಯಾ ನೋಡಿ, ಅಡುಗೆಮನೆ ಗೋಡೆ ಅಂದಿದ್ದರಿಂದ ನನಗೆ ಅಲ್ಲೇ ಸಂಶಯ. ಮನೆ ಸುತ್ತ ಮೂರು ನಾಲ್ಕು ಅಡಿ ಅಗಲಕ್ಕೆ ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿದರೆ ಮಣ್ಣು ಒಂದೇ ಹದದಲ್ಲಿ ಇರುತ್ತದೆ. ಗೋಡೆಗೆ ಹತ್ತಿ ನೆಟ್ಟ ದೊಡ್ಡ ಗಿಡಗಳೂ ಒಳ್ಳೆಯದಲ್ಲ. ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗೆರೆ ಹಾಕಿ ತಾರೀಖು ಬರೆಯಿರಿ. ಎರಡು ತಿಂಗಳಲ್ಲಿ ಗೆರೆ ದಾಟಿದರೆ ಸಿವಿಲ್ ಇಂಜಿನಿಯರ್‌ಗೆ ತೋರಿಸಿ, ಮೇಸ್ತ್ರಿಗಲ್ಲ. ಎರೆಯಲ್ಲಿ ಹೊಸದಾಗಿ ಕಟ್ಟುವವರು ಬುಡದಲ್ಲಿ ಉಬ್ಬು ಇರುವ ಪೈಲ್ ಪಾಯದ ಬಗ್ಗೆ ಮೊದಲೇ ಕೇಳಿಕೊಳ್ಳಿ. ಪಾಯಕ್ಕೆ ದುಡ್ಡು ಹೊಂದಿಸಲು ಟೈಲ್ಸ್ ಸ್ವಲ್ಪ ಕಮ್ಮಿ ಬೆಲೆಯದ್ದಾದರೂ ನಡೆಯುತ್ತದೆ.

ಹಾಗಾದರೆ ಮನೆಯ ವಿಮೆಯೇ ಬೇಡವಾ? ಬೇಕು, ಆದರೆ ದೊಡ್ಡ ಹೊಡೆತಕ್ಕೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನ ಮಳೆ ನೆನಪಿದೆಯಲ್ಲ, ನಮ್ಮ ಜಿಲ್ಲೆಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಸಾಲು ಸಾಲಾಗಿ ಬಿದ್ದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಕೆಳಗಿನ ಕಂಪ್ಲಿ, ಸಿರುಗುಪ್ಪ ಕಡೆಯವರು ನಿದ್ದೆ ಮಾಡಿರಲಿಕ್ಕಿಲ್ಲ. ಅಂಥದ್ದಕ್ಕೆ ಪಾಲಿಸಿ. ಡ್ಯಾಮು ತುಂಬಿತು ಅನ್ನುವ ಸುದ್ದಿ ಬಂದಮೇಲೆ ಏಜೆಂಟಿಗೆ ಫೋನ್ ಮಾಡೋದಲ್ಲ, ಬೇಸಿಗೆಯಲ್ಲೇ ಮಾಡಿಸಿ. ಒಂದೇ ಸಲ 10 ವರ್ಷದವರೆಗೂ ಮಾಡಿಸಬಹುದು.

ಎಷ್ಟಕ್ಕೆ ಮಾಡಿಸಬೇಕು? ಸೈಟಿನ ಬೆಲೆ ಸೇರಿಸಬೇಡಿ, ನೆಲ ಎಲ್ಲೂ ಹೋಗೋದಿಲ್ಲ. ಅದೇ ಮನೆ ಇವತ್ತು ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟು. ಸಾವಿರ ಚದರಡಿಗೆ ಅಡಿಗೆ 2,000 ಅಂತ ಹಿಡಿದರೆ 20 ಲಕ್ಷ. ಅದರ ಮೇಲೆ ಶೇ. 20, ಅಂದರೆ 4 ಲಕ್ಷದವರೆಗೆ ಮನೆಯ ಸಾಮಾನಿಗೆ ತಾನಾಗಿ ಸಿಗುತ್ತದೆ, ಈ ಲೆಕ್ಕಕ್ಕೆ ಮಿತಿ 10 ಲಕ್ಷ. ಬಂಗಾರ ಇದರಲ್ಲಿ ಬರೋದಿಲ್ಲ, ಅದಕ್ಕೆ ಬೆಲೆ ಕಟ್ಟಿಸಿ ಬೇರೆ ಸೇರಿಸಬೇಕು.

ಪ್ರಶ್ನೆ: ಅಕ್ಕಾ, ನಾವು ಬಳ್ಳಾರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮುಂದಿನ ರೂಮಿನಲ್ಲೇ ಆರು ಹೊಲಿಗೆ ಮಷಿನ್ ಹಾಕಿ ಜೀನ್ಸ್ ಪ್ಯಾಂಟ್ ಹೊಲಿದು ಕೊಡುತ್ತೇವೆ. ಮನೆ ಮಾಲೀಕರು ಇನ್ಶೂರೆನ್ಸ್ ಮಾಡಿಸಿದ್ದೇನೆ, ಚಿಂತೆ ಬೇಡ ಅಂತಾರೆ. ನಮಗೆ ಬೇರೆ ಬೇಕಾ?

ಉತ್ತರ: ಬೇಕು ತಂಗಿ. ಮಾಲೀಕರು ಮಾಡಿಸಿದ್ದು ಅವರ ಗೋಡೆಗೆ, ಅವರ ಸೂರಿಗೆ. ನಿಮ್ಮ ಫ್ರಿಡ್ಜು, ಮಂಚ, ಬಟ್ಟೆಬರೆ ಸುಟ್ಟರೆ ಅವರ ಪಾಲಿಸಿಯಿಂದ ನಿಮಗೆ ಒಂದು ರೂಪಾಯಿಯೂ ಬರೋದಿಲ್ಲ. ಬಾಡಿಗೆಯವರು ಕಟ್ಟಡ ಬಿಟ್ಟು ಬರೀ ಸಾಮಾನಿಗೆ ಗೃಹ ರಕ್ಷಾ ಮಾಡಿಸಬಹುದು.

ಆದರೆ ಮಷಿನ್‌ಗಳಿವೆಯಲ್ಲ, ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅದೇ. ಮನೆ ಸಾಮಾನಿನ ವಿಮೆಯಲ್ಲಿ ವ್ಯಾಪಾರದ ಮಷಿನ್, ಬಟ್ಟೆಯ ಥಾನು, ಹೊಲಿದಿಟ್ಟ ಮಾಲು ಬರೋದಿಲ್ಲ. ಸಣ್ಣ ಉದ್ಯೋಗಕ್ಕೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಅಂತ ಬೇರೆಯೇ ಇದೆ, ಒಂದು ಜಾಗದಲ್ಲಿ 5 ಕೋಟಿ ಒಳಗಿನ ಆಸ್ತಿ ಇರುವವರಿಗೆ. ನಿಮ್ಮದು ಐದಾರು ಲಕ್ಷದ್ದೇ ಇರಬಹುದು, ಅದಕ್ಕೂ ಆಗುತ್ತದೆ. ಮಾಲು ಕೊಟ್ಟ ಸೇಠು ತನ್ನ ಬಟ್ಟೆಗೆ ತಾನೇ ವಿಮೆ ಮಾಡಿಸಿದ್ದಾನಾ, ಇಲ್ಲ ಸುಟ್ಟರೆ ನಿಮ್ಮ ಕೂಲಿಯಲ್ಲಿ ಹಿಡಿಯುತ್ತಾನಾ, ಇದನ್ನೂ ಈಗಲೇ ಕೇಳಿಟ್ಟುಕೊಳ್ಳಿ. ಮುಚ್ಚಿಟ್ಟು ಬರೀ ಮನೆ ಅಂತ ಪಾಲಿಸಿ ಮಾಡಿಸಿದರೆ, ಒಂದು ದಿನ ವೈರು ಹೊತ್ತಿಕೊಂಡಾಗ ಸರ್ವೇಯರ್‌ಗೆ ಆರು ಮಷಿನ್ ಕಾಣುತ್ತವೆ, ಆಗ ಮನೆ ಸಾಮಾನಿನ ಹಣಕ್ಕೂ ತಕರಾರು ಶುರುವಾಗುತ್ತದೆ. ಅಂದಹಾಗೆ ಕರಾರು ಪತ್ರದಲ್ಲಿ ವಾಸಕ್ಕೆ ಮಾತ್ರ ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ ಮಾಲೀಕರ ಹತ್ತಿರ ಮಾತಾಡಿ ತಿದ್ದಿಸಿ.

ಕಳ್ಳತನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗೃಹ ರಕ್ಷಾದಲ್ಲಿ ಕಳ್ಳತನ ಇರೋದು ಒಂದೇ ಸಂದರ್ಭಕ್ಕೆ: ಬೆಂಕಿ, ನೆರೆಯಂಥದ್ದು ಆಗಿ, ಅದರಿಂದಾಗಿಯೇ ಏಳು ದಿನದೊಳಗೆ ಸಾಮಾನು ಕದ್ದರೆ. ಜಾತ್ರೆಗೆ ಹೋದಾಗ ಬೀಗ ಮುರಿದರೆ ಅದಕ್ಕೆ ಬೇರೆ ಪಾಲಿಸಿ ಬೇಕು, ಒಳಗೆ ನುಗ್ಗಿದ ಗುರುತು ಬೇಕು, ಎಫ್‌ಐಆರ್ ಬೇಕು. ಕೀಲಿಕೈಯನ್ನು ಚಪ್ಪಲಿ ಸ್ಟ್ಯಾಂಡಿನಲ್ಲಿಟ್ಟು ಹೋಗುವವರಿಗೆ ಯಾವ ಪಾಲಿಸಿಯೂ ಕಷ್ಟ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ಹೆಸರು ಹೇಳಲ್ಲ.

ಪ್ರಶ್ನೆ: ಗ್ಯಾಸ್ ಸಿಲಿಂಡರ್ ಸಿಡಿದರೆ ಪರಿಹಾರ ಇದೆ ಅಂತ ಗಂಗಾವತಿಯಲ್ಲಿ ಯಾರೋ ಹೇಳಿದರು. ನಿಜವಾ? ನಾವೇನೂ ಕಟ್ಟಿಲ್ಲವಲ್ಲ.

ಉತ್ತರ: ನಿಜ. ನೀವು ಕಟ್ಟಬೇಕಿಲ್ಲ, ತೈಲ ಕಂಪನಿಗಳೇ ಮಾಡಿಸಿರುತ್ತವೆ. ಅಪಘಾತದಲ್ಲಿ ಸತ್ತರೆ ಒಬ್ಬರಿಗೆ 6 ಲಕ್ಷ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಮನೆಗೆ ಹಾನಿಯಾದರೆ 2 ಲಕ್ಷದವರೆಗೆ. ಮನೆಯ ಹಾನಿಗೆ ಹಣ ಬರೋದು ಕನೆಕ್ಷನ್ ನೋಂದಣಿಯಾದ ವಿಳಾಸದಲ್ಲಿ ಅವಘಡ ಆದರೆ ಮಾತ್ರ. ಹಾಗಾಗಿ ಮನೆ ಬದಲಿಸಿದಾಗ ಗ್ಯಾಸ್ ಪುಸ್ತಕದ ವಿಳಾಸ ಬದಲಿಸದೆ ಸುಮ್ನೆ ಕೂರಬೇಡಿ. ಏನಾದರೂ ಆದರೆ ಏಜೆನ್ಸಿಗೆ ಕೂಡಲೇ ಬರವಣಿಗೆಯಲ್ಲಿ ತಿಳಿಸಿ, ಪೊಲೀಸ್ ದೂರು, ಆಸ್ಪತ್ರೆ ಬಿಲ್ಲು ಎಲ್ಲ ಎತ್ತಿಡಿ. ಕಿತ್ತಳೆ ಬಣ್ಣದ ರಬ್ಬರ್ ಪೈಪಿಗೆ ಐದು ವರ್ಷ ಆಗಿದ್ದರೆ ಇವತ್ತೇ ಬದಲಿಸಿ.

ಪ್ರಶ್ನೆ: ಮೇಡಂ, ನನ್ನ ಯಜಮಾನರು ಗಿಣಿಗೇರಿ ಹತ್ತಿರ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ, ಕೈಗೆ 24 ಸಾವಿರ. ಕೊಪ್ಪಳದಲ್ಲಿ ಬಾಡಿಗೆ 6,500. ಇಬ್ಬರು ಮಕ್ಕಳು. ತಿಂಗಳಿಗೆ 3,000 ಚೀಟಿ. ಕೂಡಿಟ್ಟ 3 ಲಕ್ಷ ಜಾಸ್ತಿ ಬಡ್ಡಿ ಕೊಡ್ತಾರೆ ಅಂತ ಒಂದು ಸೊಸೈಟಿಯಲ್ಲಿದೆ. ಏಜೆಂಟು ದಿನಾ ಬಂದು ಇನ್ಶೂರೆನ್ಸ್ ಮಾಡಿಸಿ ಅಂತಾರೆ. ಯಾವುದು ಮೊದಲು?

ಉತ್ತರ: ಮೊದಲು ಆ 3 ಲಕ್ಷ. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, 2020ರ ಫೆಬ್ರುವರಿಯಿಂದ. ಸಹಕಾರಿ ಬ್ಯಾಂಕಿಗೂ ಇದೆ. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಅಂತ ಬೋರ್ಡು ಇರುವವು ಬ್ಯಾಂಕಲ್ಲ, ಅವಕ್ಕೆ ಈ ವಿಮೆ ಇಲ್ಲ. ಎಲ್ಲರೂ ಮೋಸಗಾರರು ಅಂತಲ್ಲ, ಚೆನ್ನಾಗಿ ನಡೆಯುವವೂ ಇವೆ. ಆದರೆ ಮನೆಯ ಅಷ್ಟೂ ಉಳಿತಾಯ ಅಲ್ಲೇ ಇಡೋದು ನನಗೆ ಸರಿ ಕಾಣೋದಿಲ್ಲ. ಅವಧಿ ಮುಗಿದಂತೆ ಕನಿಷ್ಠ 2 ಲಕ್ಷ ಬ್ಯಾಂಕಿಗೋ ಪೋಸ್ಟಾಫೀಸಿಗೋ ತನ್ನಿ. ಅದರಲ್ಲಿ ಲಕ್ಷದಷ್ಟು ಬೇಕೆಂದಾಗ ತೆಗೆಯುವಂತಿರಲಿ. ಕಾರ್ಖಾನೆ ಕೆಲಸ, ನಾಳೆ ಎರಡು ತಿಂಗಳು ಸಂಬಳ ನಿಂತರೆ ಬಾಡಿಗೆ, ರೇಷನ್ ನಡೆಯಬೇಕು, ಬಂಗಾರ ಅಡ ಇಡುವ ಹಾಗಾಗಬಾರದು.

ಎರಡನೆಯದು ಯಜಮಾನರ ಜೀವದ್ದು. ಬ್ಯಾಂಕ್ ಖಾತೆ ಇದ್ದರೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ 2 ಲಕ್ಷದ ಜೀವ ವಿಮೆ, ಎರಡೂ ಸರ್ಕಾರದ ಯೋಜನೆಗಳು. ನಿಮ್ಮ ಹೆಸರಿಗೂ ಮಾಡಿಸಿ. ಮೇ ಕೊನೆಯಲ್ಲಿ ಖಾತೆಯಿಂದ ಹಣ ಕತ್ತರಿಸುತ್ತಾರೆ, ಆಗ ಬ್ಯಾಲೆನ್ಸ್ ಇರಬೇಕು. ಇಷ್ಟೇ ಸಾಲದು, ಬರೀ ಟರ್ಮ್ ಪಾಲಿಸಿಯೊಂದು ನೋಡಿ, ಅಂದರೆ ಅವಧಿಯೊಳಗೆ ಸತ್ತರೆ ಮಾತ್ರ ಮನೆಯವರಿಗೆ ಹಣ ಬರುವಂಥದ್ದು. ಏಜೆಂಟು ಕೊನೆಗೆ ದುಡ್ಡು ವಾಪಸ್ ಬರುತ್ತೆ ಅಂತ ತೋರಿಸುವ ಪಾಲಿಸಿಗೆ ಈ ಸಂಬಳದಲ್ಲಿ ಅವಸರ ಬೇಡ. ಮನೆ ಸಾಮಾನಿನ ವಿಮೆ ಇದೆಲ್ಲ ಆದಮೇಲೆ.

ಚೀಟಿ ನಡೆಸುವವರದ್ದು ನೋಂದಣಿ ಆಗಿದೆಯಾ ಕೇಳಿ. ನೋಂದಣಿಯಾದ ಚೀಟಿಯಲ್ಲಿ ನಡೆಸುವವರ ಕಮಿಷನ್ ಶೇ. 7 ದಾಟುವ ಹಾಗಿಲ್ಲ. ಓಣಿಯ ಚೀಟಿ ಆಗಿದ್ದರೆ ಇದನ್ನು ಮುಗಿಸಿ, ಹೊಸದಕ್ಕೆ ಸೇರುವ ಮೊದಲು ಆ 3,000ವನ್ನು ಆರ್‌ಡಿಗೆ ಹಾಕಿ ನೋಡಿ.

ಕೊನೆಗೆ ಕರೆಂಟ್ ಬಿಲ್ಲು: ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ, ನೋಂದಾಯಿಸಿರಬೇಕು ಅಷ್ಟೇ. ಹಳೇ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಕನೆಕ್ಷನ್ ನಂಬರ್) ನಿಮ್ಮ ಆಧಾರ್ ಇನ್ನೂ ಅಂಟಿಕೊಂಡಿದ್ದರೆ ಮೊದಲು ಅದನ್ನು ಬಿಡಿಸಿ. ಬೇಸಿಗೆಯಲ್ಲಿ ಕೂಲರ್ ಓಡಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ, ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಮೀಟರ್ ನೋಡಿ ಬರೆದಿಟ್ಟುಕೊಳ್ಳಿ.