ಜಾಪ್ಚೆ: ಎಲ್ಲವನ್ನೂ ಒಂದೇ ಬಾಣಲೆಗೆ ಹಾಕಬೇಡಿ

ಪ್ರಶ್ನೆ: ಮೇಡಂ, ಕೊರಿಯನ್ ಸೀರಿಯಲ್ ನೋಡಿ ಮಗಳು ಜಾಪ್ಚೆ (ತರಕಾರಿ ಬೆರೆಸಿದ ಕೊರಿಯಾದ ನೂಡಲ್ಸ್) ಬೇಕು ಅಂತ ಹಟ ಹಿಡಿದಳು. ಗೆಣಸಿನ ಪಿಷ್ಟದ ನೂಡಲ್ಸ್ ತರಿಸಿದೆ. ತರಕಾರಿಗಳನ್ನೆಲ್ಲ ಒಟ್ಟಿಗೆ ಹುರಿದು, ನೂಡಲ್ಸ್, ಸೋಯಾ ಸಾಸ್ ಹಾಕಿ ತಿರುವಿದೆ. ತರಕಾರಿ ನೀರು ಬಿಟ್ಟಿತು, ನೂಡಲ್ಸ್ ಮುದ್ದೆಯಾಯಿತು. ನಾವು ಸಸ್ಯಾಹಾರಿಗಳು. ಅತ್ತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಹೇಗೆ ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಮಾಡಿದ್ದು ಹಕ್ಕಾ ನೂಡಲ್ಸ್ ಕ್ರಮ. ಜಾಪ್ಚೆಗೆ ಅದು ಒಗ್ಗುವುದಿಲ್ಲ. ಇಲ್ಲಿ ಒಂದೊಂದು ತರಕಾರಿಯನ್ನೂ ಬೇರೆ ಬೇರೆ ಹುರಿದು, ಕೊನೆಗೆ ಎಲ್ಲವನ್ನೂ ಕೈಯಲ್ಲಿ ಕಲಸಬೇಕು. ನಮ್ಮ ಚಿತ್ರಾನ್ನ ಕಲಸುವ ಹಾಗೆ.

ನಾವು ಕೊರಿಯಾದ ಸುವೊನ್ ಊರಿನಲ್ಲಿದ್ದಾಗ ಮನೆ ಓನರ್ ಅಜ್ಜಿ ಚುಸೊಕ್ ಹಬ್ಬಕ್ಕೆ ಜಾಪ್ಚೆ ಮಾಡುತ್ತಿದ್ದರು. ಅಗಲವಾದ ಸ್ಟೀಲ್ ಬೇಸಿನ್. ಪಕ್ಕದ ತಟ್ಟೆಯಲ್ಲಿ ಕ್ಯಾರೆಟ್, ಪಾಲಕ್, ಅಣಬೆಯ ಪುಟ್ಟ ಪುಟ್ಟ ಗುಡ್ಡೆ. ಬಿಸಿ ನೂಡಲ್ಸನ್ನು ಕತ್ತರಿಯಲ್ಲೇ ಕತ್ತರಿಸಿ, ಗ್ಲೌಸ್ ಹಾಕಿಕೊಂಡು ಕಲಸುತ್ತಿದ್ದರು. ದಾಟಿ ಹೋಗುವವರನ್ನೆಲ್ಲ ಕರೆದು ಬಾಯಿಗೆ ಒಂದು ತುತ್ತು ಇಟ್ಟು, ಉಪ್ಪು ಸರಿ ಇದೆಯಾ ಅಂತ ಕೇಳುತ್ತಿದ್ದರು.

ಇದರಲ್ಲಿ ತರಕಾರಿಯೇ ಮುಖ್ಯ. 17ನೇ ಶತಮಾನದ ಆರಂಭದಲ್ಲಿ, ಗ್ವಾಂಗ್‌ಹೆಗುನ್ ದೊರೆಯ ಕಾಲದಲ್ಲಿ ಅರಮನೆಯಲ್ಲಿ ಹೆಸರಾದ ಜಾಪ್ಚೆಯಲ್ಲಿ ನೂಡಲ್ಸೇ ಇರಲಿಲ್ಲ. 1919ರಲ್ಲಿ ಸಾರಿವೊನ್ ಊರಿನಲ್ಲಿ ಪಿಷ್ಟದ ನೂಡಲ್ಸ್ ಕಾರ್ಖಾನೆ ಶುರುವಾಯಿತು. ನೂಡಲ್ಸ್ ಸೇರಿಕೊಂಡದ್ದು ಆ ಕಾಲದಿಂದೀಚೆಗೆ. ಹಾಗಾಗಿ ತರಕಾರಿ ಹೆಚ್ಚುವಾಗ ಅವಸರ ಬೇಡ. ಎಲ್ಲವೂ ನೂಡಲ್ಸಿನ ಜೊತೆ ಸಲೀಸಾಗಿ ಬಾಯಿಗೆ ಬರುವಂತೆ ಸಣ್ಣ ಉದ್ದುದ್ದ ಇರಲಿ.

ನಾಲ್ಕು ಜನಕ್ಕೆ 200 ಗ್ರಾಂ ನೂಡಲ್ಸ್ ಸಾಕು. ಒಣಗಿದ ಶಿಟಾಕೆ ಅಣಬೆ ಐದಾರು ತೆಗೆದುಕೊಂಡು ಎರಡು ಮೂರು ಗಂಟೆ ನೆನೆಸಿಡಿ. ಕೊರಿಯಾದವರು ಹಾಕುವ ದನದ ಮಾಂಸದ ಜಾಗವನ್ನು ಇದು ಚೆನ್ನಾಗಿ ತುಂಬುತ್ತದೆ. ಪಾಲಕ್ ಸೊಪ್ಪನ್ನು ಕುದಿಯುವ ನೀರಿಗೆ ಅರ್ಧ ನಿಮಿಷ ಮಾತ್ರ ಹಾಕಿ ತೆಗೆದು, ತಣ್ಣೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ. ನಿಮಗೆ ನೀರು ಬಿಟ್ಟಿದ್ದರಲ್ಲಿ ಸೊಪ್ಪಿನ ಪಾಲು ಜಾಸ್ತಿ ಇರುತ್ತದೆ. ಆಮೇಲೆ ಕ್ಯಾರೆಟ್, ಕ್ಯಾಪ್ಸಿಕಂ, ಅಣಬೆ ಒಂದೊಂದನ್ನೇ ಸ್ವಲ್ಪ ಎಣ್ಣೆ, ಚಿಟಿಕೆ ಉಪ್ಪಿನಲ್ಲಿ ಒಂದೆರಡು ನಿಮಿಷ ಹುರಿದು ತಟ್ಟೆಯಲ್ಲಿ ಹರಡಿ. ಗುಡ್ಡೆ ಹಾಕಿ ಮುಚ್ಚಿಟ್ಟರೆ ಹಬೆಗೆ ಮೆತ್ತಗಾಗುತ್ತದೆ.

ನೂಡಲ್ಸನ್ನು ಧಾರಾಳ ನೀರಿನಲ್ಲಿ ಆರೇಳು ನಿಮಿಷ ಬೇಯಿಸಿ. ಎಳೆ ಗಾಜಿನಂತೆ ತಿಳಿಯಾಗಬೇಕು, ಕಚ್ಚಿದರೆ ರಬ್ಬರಿನಷ್ಟು ಎಳೆತ ಉಳಿದಿರಬೇಕು. ತಣ್ಣೀರಿನಲ್ಲಿ ತೊಳೆದರೆ ಮೇಲಿನ ಅಂಟು ಹೋಗುತ್ತದೆ. ನೀರು ಪೂರ್ತಿ ಬಸಿದು, ತಕ್ಷಣ ಎರಡು ಚಮಚ ಎಳ್ಳೆಣ್ಣೆ ಸವರಿ. ನಿಮ್ಮದು ಮುದ್ದೆಯಾಗಲು ಇವೆರಡು ತಪ್ಪಿದ್ದೇ ಕಾರಣ. ಈಗ ಮೂರು ದೊಡ್ಡ ಚಮಚ ಸೋಯಾ ಸಾಸ್, ಒಂದೂವರೆ ದೊಡ್ಡ ಚಮಚ ಸಕ್ಕರೆ, ಮೆಣಸಿನಪುಡಿ (ಕರಿಮೆಣಸು, ಖಾರದ ಪುಡಿ ಅಲ್ಲ) ಸೇರಿಸಿ ನೂಡಲ್ಸನ್ನು ಬಾಣಲೆಯಲ್ಲಿ ಎರಡು ನಿಮಿಷ ಬಾಡಿಸಿ. ಬಣ್ಣ ಹಿಡಿದ ಮೇಲೆ ಇಳಿಸಿ, ತರಕಾರಿ, ಹುರಿದ ಎಳ್ಳು ಹಾಕಿ ಕಲಸಿ.

ಎಳ್ಳೆಣ್ಣೆ ವಿಷಯ ಒಂದು ಮಾತು. ಅವರದು ಹುರಿದ ಎಳ್ಳಿನ ಎಣ್ಣೆ, ಕಂದು ಬಣ್ಣ, ಘಮ ಜೋರು. ನಮ್ಮ ಗಾಣದ ಎಣ್ಣೆಯಲ್ಲಿ ಆ ಘಮ ಬರುವುದಿಲ್ಲ. ಹಾಗಿದ್ದರೆ ಬಿಳಿ ಎಳ್ಳನ್ನು ಕೆಂಪಗೆ ಹುರಿದು ತರಿತರಿ ಕುಟ್ಟಿ ಧಾರಾಳವಾಗಿ ಹಾಕಿ.

ಅತ್ತೆಯವರ ಬಗ್ಗೆ ಚಿಂತೆ ಬೇಡ. ಕೊರಿಯಾದ ಬೌದ್ಧ ಮಠಗಳಲ್ಲೂ ಈರುಳ್ಳಿ, ಬೆಳ್ಳುಳ್ಳಿ ಬಳಸುವುದಿಲ್ಲ, ಅಲ್ಲೂ ಜಾಪ್ಚೆ ಮಾಡುತ್ತಾರೆ. ಆದರೆ ಬಾಟಲಿಯ ರೆಡಿ ಸಾಸ್, ಅಂಗಡಿಯ ಕಿಮ್ಚಿ (ಹುದುಗಿಸಿದ ತರಕಾರಿಯ ಕೊರಿಯನ್ ಉಪ್ಪಿನಕಾಯಿ) ತರುವಾಗ ಲೇಬಲ್ ಓದಲೇಬೇಕು. ಮೀನು, ಸೀಗಡಿ, ಸಿಂಪಿ ಇರುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಫ್ರಿಜ್ಜಿನಲ್ಲಿಟ್ಟ ಜಾಪ್ಚೆ ಮರುದಿನ ಬಿರುಸಾಗಿ, ಮಸುಕಾಗಿತ್ತು. ಕೆಟ್ಟಿತ್ತಾ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಹುಳಿ ವಾಸನೆ, ಲೋಳೆ ಇಲ್ಲದಿದ್ದರೆ ಸುಮ್ನೆ ಎಸೆಯಬೇಡಿ. ತಂಪಿಗೆ ಪಿಷ್ಟ ಗಟ್ಟಿಯಾಗುತ್ತದೆ, ಅಷ್ಟೇ. ಬಾಣಲೆಗೆ ಎರಡು ಚಮಚ ನೀರು ಹಾಕಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಮತ್ತೆ ತಿಳಿಯಾಗಿ ಮೆತ್ತಗಾಗುತ್ತದೆ. ಬಿಸಿ ಅನ್ನದ ಮೇಲೆ ಹಾಕಿಕೊಂಡು ತಿನ್ನಿ, ಕೊರಿಯಾದಲ್ಲಿ ಅದನ್ನು ಜಾಪ್ಚೆ ಬಾಪ್ ಅಂತಾರೆ.